ಕೈತೋಟ: ಟೊಮ್ಯಾಟೊ ಮಡಿಗೆ ಒಂಬತ್ತೇ ಗಿಡ

ಮನೆ ಕಟ್ಟಿ ಉಳಿದ ನಿವೇಶನದ ಮೂಲೆಯಲ್ಲಿ ೪ ಅಡಿ ಅಗಲ, ೮ ಅಡಿ ಉದ್ದದ ಒಂದು ಮಡಿ. ಬೆಂಗಳೂರು, ಮೈಸೂರು, ಧಾರವಾಡಗಳಂತಹ ಊರುಗಳಲ್ಲಿ ಇಂದಿನ ಗೃಹಸ್ಥನಿಗೆ ಇದಕ್ಕಿಂತ ಹೆಚ್ಚಿನ ನೆಲ ದೊರೆಯುವುದು ದುರ್ಲಭವೇ ಸರಿ. ಅಷ್ಟರಲ್ಲಿಯೇ ಮನೆಯ ಸಾರಿಗೂ ಗೊಜ್ಜಿಗೂ ಸಾಲುವಷ್ಟು ಟೊಮ್ಯಾಟೊ ಬೆಳೆದುಕೊಳ್ಳಬೇಕೆಂಬ ಆಸೆ ತಪ್ಪಲ್ಲ. ಕೈಗೂಡದ ಆಸೆಯೂ ಅಲ್ಲ. ೨೦೨೩ರ ಜುಲೈ ತಿಂಗಳಿನಲ್ಲಿ ಈ ಹಣ್ಣಿನ ಬೆಲೆ ಕಿಲೋಗ್ರಾಮಿಗೆ ೧೦೦ ರೂಪಾಯಿಯ ಗಡಿಯನ್ನು ದಾಟಿದಾಗ, ಸಾರಿಗೆ ಹುಣಿಸೆಹಣ್ಣೇ ಗತಿಯೆಂದು ನಿಟ್ಟುಸಿರು ಬಿಟ್ಟ ಗೃಹಿಣಿಯರು ತಮ್ಮ ಹಿತ್ತಲಿನತ್ತ ಒಮ್ಮೆ ಕಣ್ಣು ಹಾಯಿಸದೆ ಇದ್ದಿರಲಾರರು.

ಆದರೆ ಹಿತ್ತಲಿನ ಟೊಮ್ಯಾಟೊ ಬೆಳೆಯ ಕಥೆ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಮುಗಿಯುವುದನ್ನು ಕಾಣಬಹುದು. ಮೊದಲ ತಿಂಗಳು ಮಡಿ ಕಣ್ಣಿಗೆ ಹಬ್ಬ. ಎರಡನೆಯ ತಿಂಗಳಿನಲ್ಲಿ ಗಿಡಗಳು ಒಂದರೊಳಗೊಂದು ಹೆಣೆದುಕೊಂಡು ಹಸಿರು ಮೆಳೆಯಾಗುತ್ತವೆ. ಹೂವೇನೋ ಬಿಡುತ್ತದೆ; ಕಾಯಿಯೂ ಅಲ್ಲಲ್ಲಿ ಇಣುಕುತ್ತದೆ. ಅಷ್ಟರಲ್ಲಿ ನಾಲ್ಕು ದಿನ ಜಡಿಮಳೆ ಹಿಡಿಯಿತೆಂದರೆ ಬುಡದ ಎಲೆಗಳ ಮೇಲೆ ಕಂದುಚುಕ್ಕೆಗಳು ತೋರಿ, ನೋಡುನೋಡುತ್ತಿದ್ದಂತೆ ಮಡಿಯೆಲ್ಲ ಬೆಂಕಿ ತಗುಲಿದಂತೆ ಕರಕಲಾಗುತ್ತದೆ. “ನಮ್ಮ ಮಣ್ಣಿಗೆ ಟೊಮ್ಯಾಟೊ ಆಗಿಬರುವುದಿಲ್ಲ” ಎಂದು ಮನೆಯವರು ಅಪವಾದವನ್ನು ಮಣ್ಣಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾರೆ. ಮಣ್ಣಿನ ತಪ್ಪು ಅಲ್ಲಿ ಅಲ್ಪ. ೯ ಗಿಡಗಳಿಗೆ ಮಾತ್ರ ಎಡೆಯಿರುವ ಮಡಿಯಲ್ಲಿ ೨೫ನ್ನು ಕೂರಿಸಿದುದು, ಕೂರಿಸಿದ ಮೇಲೆ ಒಂದು ದಿನವಾದರೂ ಅವುಗಳ ಮೇಲೆ ಕೈಯಾಡಿಸದೆ ಬಿಟ್ಟುದು ಇಷ್ಟಕ್ಕೆಲ್ಲ ಕಾರಣ.

ಗಿಡದ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ ಈ ಲೆಕ್ಕ ಮನಸ್ಸಿಗೆ ಹತ್ತುತ್ತದೆ. ಟೊಮ್ಯಾಟೊದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಅದನ್ನು ತೋಟದ ಬೆಳೆಯಾಗಿ ಪಳಗಿಸಿಕೊಂಡವರು ಮೆಕ್ಸಿಕೋ ಪ್ರಾಂತದ ಪೂರ್ವಿಕರು; ಅವರ ನಹುವಾಟ್ಲ್ ಭಾಷೆಯ ‘ಟೊಮಾಟ್ಲ್’ ಎಂಬ ಶಬ್ದವೇ ಸ್ಪೇನಿನವರ ಬಾಯಲ್ಲಿ ಹೊರಳಿ ಲೋಕವನ್ನೆಲ್ಲ ಸುತ್ತಿಬಂದಿತು. ನಮ್ಮ ಅಡುಗೆಮನೆಗೆ ಅದು ತಡವಾಗಿ ಬಂದ ಪರದೇಶಿ. ಶ್ರಾದ್ಧದ ಅಡುಗೆಗೆ ಇಂದಿಗೂ ಅದನ್ನು ಸೇರಿಸದ ಮನೆಗಳು ಹೇರಳವಾಗಿವೆ. ಕನ್ನಡದಲ್ಲಿ ಅದಕ್ಕೆ ಚಪ್ಪರಬದನೆ ಎಂಬ ಹೆಸರುಂಟು. ಈ ಹೆಸರನ್ನಿಟ್ಟವರು ಯಾರೋ, ಗಿಡವನ್ನು ಚೆನ್ನಾಗಿಯೇ ನೋಡಿದ್ದರು. ಬದನೆಯ ಕುಲಕ್ಕೆ ಸೇರಿದುದು ಎಂಬುದು ಅದರಲ್ಲಿದೆ. ಬದನೆಯಂತೆ ತನ್ನ ಕಾಲಮೇಲೆ ತಾನು ನಿಲ್ಲಲಾರದು, ಆಸರೆ ಬೇಕು ಎಂಬುದೂ ಅದರಲ್ಲಿದೆ. ಕಾಡಿನಲ್ಲಿ ಬೆಳೆಯುವ ಅದರ ಬಂಧುಗಳು ನೆಲದ ಮೇಲೆ ಮೈಚಾಚಿ ಹಬ್ಬುತ್ತವೆ. ಕಾಂಡ ಮಣ್ಣನ್ನು ಸೋಕಿದಲ್ಲೆಲ್ಲ ಬೇರು ಬಿಡುತ್ತವೆ. ಬೆಟ್ಟದ ತಪ್ಪಲಿನಲ್ಲಿ ಜಾಗಕ್ಕೇನು ಬರ! ೪ ಅಡಿಯ ಮಡಿಯಲ್ಲಿ ಆ ಸ್ವಾತಂತ್ರ್ಯ ನಡೆಯುವಂತಿಲ್ಲ.

ಬೆಳೆಯುವ ರೀತಿಯನ್ನು ಅನುಸರಿಸಿ ಟೊಮ್ಯಾಟೊದಲ್ಲಿ ಎರಡು ಪಂಗಡಗಳಿವೆ. ಇದನ್ನು ಅರಿಯದೆ ಕತ್ತರಿಯನ್ನು ಕೈಗೆತ್ತಿಕೊಳ್ಳಬಾರದು. ಒಂದು ಪಂಗಡ, ಬಳ್ಳಿಯಂತೆ ಎತ್ತರಕ್ಕೆ ಬೆಳೆಯುತ್ತಲೇ ಹೋಗತಕ್ಕದ್ದು. ಬೇರು ಗಟ್ಟಿಯಾಗಿದ್ದು ಹವೆ ಅನುಕೂಲವಾಗಿರುವವರೆಗೂ ಅದರ ತುದಿ ನಿಲ್ಲುವುದಿಲ್ಲ. ಆಳುದ್ದವನ್ನು ಮೀರುವುದೂ ಉಂಟು. ಪೂಸಾ ರೂಬಿ ಈ ಪಂಗಡದ್ದು. ಗೋಲಿಯ ಗಾತ್ರದ ಚೆರ್ರಿ ಟೊಮ್ಯಾಟೊಗಳಲ್ಲಿ ಹೆಚ್ಚಿನವು ಈ ಪಂಗಡದವೇ. ಇನ್ನೊಂದು, ಪೊದೆಯಂತೆ ಎರಡು ಮೂರು ಅಡಿ ಬೆಳೆದು, ತುದಿಯಲ್ಲಿಯೇ ಹೂಗೊಂಚಲನ್ನು ಬಿಟ್ಟು, ‘ಇಷ್ಟು ಸಾಕು’ ಎಂದು ನಿಂತುಬಿಡುವುದು. ರೋಮಾ, ಪೂಸಾ ಅರ್ಲಿ ಡ್ವಾರ್ಫ್ ಮೊದಲಾದವು ಇದಕ್ಕೆ ಸೇರಿದವು. ಈ ಪೊದೆಜಾತಿ ಮನುಷ್ಯನ ಜಾಣ್ಮೆಯಿಂದ ಹುಟ್ಟಿದುದಲ್ಲ. ೧೯೧೪ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಹೊಲವೊಂದರಲ್ಲಿ ತಾನಾಗಿಯೇ ಮೋಟಾಗಿ ನಿಂತ ಒಂದು ಗಿಡ ಕಣ್ಣಿಗೆ ಬಿದ್ದಿತು. ಆ ಒಂದು ಗುಣವೇ ಮುಂದೆ ತಳಿಯಿಂದ ತಳಿಗೆ ಹರಿದುಬಂದಿತು. ತನ್ನನ್ನು ತಾನೇ ಸವರಿಕೊಳ್ಳುವ ಗಿಡವೆಂದು ಶಾಸ್ತ್ರಜ್ಞರು ಅದಕ್ಕೆ ಹೆಸರಿಟ್ಟರು.

ಈ ಎರಡರ ನಡುವಿನವೂ ಇವೆ. ೧೯೬೭ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೆಲಸ ನಡೆಸುತ್ತಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ರಕ್ಷಕ್ ಎಂಬ ಸಂಕರ ತಳಿ ಅಂತಹುದು. ಎಲೆ ಮುದುಡು ರೋಗ, ದುಂಡಾಣುವಿನಿಂದ ಬರುವ ಸೊರಗು ರೋಗ, ಬೇಗನೆ ಬರುವ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ಶಕ್ತಿ ಅದಕ್ಕಿರುವುದರಿಂದ, ಮೊದಲ ಬಾರಿಗೆ ಕೈಹಾಕುವವರಿಗೆ ಅದು ಧೈರ್ಯ ಕೊಡುತ್ತದೆ. ಸಂಕರ ತಳಿಯಾದುದರಿಂದ ಅದರ ಹಣ್ಣಿನಿಂದ ಬೀಜವನ್ನು ತೆಗೆದಿಟ್ಟುಕೊಂಡು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದೆಂಬ ಭರವಸೆಯಿಲ್ಲ. ಹುಳಿಯೇ ಮುಖ್ಯವೆನ್ನುವ, ಸಾರಿನ ರುಚಿ ಬಲ್ಲವರು ನಾಟಿ ಟೊಮ್ಯಾಟೊವನ್ನೇ ಬಯಸುವುದು ಸಹಜ. ಅವರು ಒಂದು ಹಣ್ಣಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಟ್ಟುಕೊಂಡರೆ ಆಯಿತು.

ಬೀಜದ ಪೊಟ್ಟಣದ ಮೇಲೆ ಜಾತಿಯನ್ನು ಬರೆದಿರದಿದ್ದರೆ ಗಿಡವನ್ನೇ ಕೇಳಬೇಕು. ಮೊದಲನೆಯ ಹೂಗೊಂಚಲು ಬಂದ ಮೇಲೆ ಅಲ್ಲಿಂದ ಮೇಲಕ್ಕೆ ಎಲೆಗಳನ್ನು ಎಣಿಸುವುದು. ಒಂದು ಗೊಂಚಲಿಗೂ ಮುಂದಿನ ಗೊಂಚಲಿಗೂ ನಡುವೆ ಕ್ರಮ ತಪ್ಪದೆ ಮೂರು ಮೂರು ಎಲೆಗಳು ಬರುತ್ತಿದ್ದರೆ ಅದು ಎತ್ತರದ ಜಾತಿ. ಎರಡು ಎಲೆ, ಆಮೇಲೆ ಒಂದೇ ಎಲೆ, ಕೊನೆಗೆ ತುದಿಯಲ್ಲಿ ಹೂವೇ ಕುಳಿತಿದ್ದರೆ ಪೊದೆಜಾತಿ. ಬೆರಳೆಣಿಕೆಯ ಈ ಪರೀಕ್ಷೆ ಪುಸ್ತಕದ ವರ್ಣನೆಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು. ಇದರಿಂದ ತಪ್ಪಿಸಿಕೊಳ್ಳಬಹುದಾದ ನಷ್ಟವೂ ಸಣ್ಣದಲ್ಲ. ಪೊದೆಜಾತಿಯ ಫಸಲಿನಲ್ಲಿ ದೊಡ್ಡ ಪಾಲು ಪಕ್ಕದ ಕವಲುಗಳ ಮೇಲೆಯೇ ಬರತಕ್ಕದ್ದು. ‘ಕವಲು ಚಿವುಟಿದರೆ ಕಾಯಿ ದಪ್ಪವಾಗುತ್ತದೆ’ ಎಂಬ ಅರ್ಧ ಮಾತನ್ನು ಕೇಳಿಕೊಂಡು ಅದರ ಕವಲುಗಳನ್ನೆಲ್ಲ ಚಿವುಟಿದವರು ಕಾಯಿಯನ್ನೇ ಚಿವುಟಿದಂತಾಗುತ್ತದೆ. ಪೊದೆಜಾತಿಗೆ ಬುಡದ ಒಂದೆರಡು ಚಿಗುರುಗಳನ್ನೂ ಮಣ್ಣು ಮುಟ್ಟುವ ಎಲೆಗಳನ್ನೂ ತೆಗೆದರೆ ಸಾಕು. ಅದರಿಂದಾಚೆಗೆ ಅದರ ತಂಟೆಗೆ ಹೋಗಬಾರದು.

ಇನ್ನು ಅಂತರದ ಲೆಕ್ಕ. ಎತ್ತರದ ಜಾತಿಯನ್ನು ಗೂಟಕ್ಕೆ ಕಟ್ಟಿ, ಎರಡು ಕಾಂಡಗಳಷ್ಟನ್ನೇ ಉಳಿಸಿಕೊಂಡು ಬೆಳೆಸುವುದಾದರೆ ಗಿಡದಿಂದ ಗಿಡಕ್ಕೆ ಒಂದು ಮೊಳ, ಅಂದರೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ೨ ಅಡಿ ಇರಬೇಕು. ಮಡಿಯ ಅಂಚಿನಿಂದ ಒಂದು ಅಡಿ ಒಳಕ್ಕೆ ಮೊದಲ ಸಾಲು. ಅದರಲ್ಲಿ ೧, ೨½, ೪, ೫½, ೭ನೆಯ ಅಡಿಗಳಲ್ಲಿ ಒಟ್ಟು ೫ ಗಿಡ. ಎರಡನೆಯ ಸಾಲು ಇನ್ನೊಂದು ಅಂಚಿನಿಂದ ಒಂದು ಅಡಿ ಒಳಗೆ. ಅದರ ಗಿಡಗಳು ಮೊದಲ ಸಾಲಿನ ಗಿಡಗಳಿಗೆ ನೇರ ಎದುರಿಗೆ ಬರದೆ, ಎರಡೆರಡರ ನಡುವಿನ ಖಾಲಿ ಜಾಗಕ್ಕೆ ಎದುರಾಗಿ ನಿಲ್ಲಬೇಕು; ಹಾಗೆ ನಿಲ್ಲಿಸಿದರೆ ಅಲ್ಲಿ ಹಿಡಿಯುವುದು ೪. ಒಟ್ಟು ೯. ಪೊದೆಜಾತಿಗೆ ಎಲ್ಲ ಕಡೆಗೂ ೨ ಅಡಿ ಬೇಕಾಗುವುದರಿಂದ ಸಾಲಿಗೆ ೪ರಂತೆ ೮ ಗಿಡ. ಎತ್ತರದ ಜಾತಿಯನ್ನು ಗೂಟವಿಲ್ಲದೆ, ಸವರದೆ, ಅದರ ಇಷ್ಟದಂತೆ ಹಬ್ಬಲು ಬಿಡುವ ಸೋಮಾರಿಗಳಿಗೂ ಅಡ್ಡಿಯಿಲ್ಲ. ಆದರೆ ಅವರು ಗಿಡಕ್ಕೆ ೩ ಅಡಿ ಬಿಟ್ಟು, ಈ ಮಡಿಯಲ್ಲಿ ಎರಡೋ ಮೂರೋ ಗಿಡಗಳಿಗೆ ತೃಪ್ತರಾಗಬೇಕು.

ಇಷ್ಟು ಜಾಗ ಏತಕ್ಕೆ? ನೆಟ್ಟ ದಿನ ಗೇಣುದ್ದವೂ ಇಲ್ಲದ ಸಸಿಗಳ ನಡುವೆ ಒಂದು ಮೊಳ ಬರಿಯ ಮಣ್ಣನ್ನು ಕಂಡಾಗ ಯಾರಿಗಾದರೂ ಈ ಪ್ರಶ್ನೆ ಬರುವುದೇ. ಬೇರಿಗೆ ನೀರು ಗೊಬ್ಬರಗಳ ಹಂಚಿಕೆಯೆಂಬುದು ಒಂದು ಕಾರಣ. ಅದನ್ನು ಹೆಚ್ಚು ಗೊಬ್ಬರ ಹಾಕಿ ಸರಿಪಡಿಸಿಕೊಳ್ಳಬಹುದೆಂದು ವಾದಿಸುವವರಿದ್ದಾರೆ. ಬಿಸಿಲು ಇನ್ನೊಂದು, ನೆರಳಿಗೆ ಸಿಕ್ಕ ಒಳಗಿನ ಎಲೆಗಳು ಗಿಡಕ್ಕೆ ಅನ್ನ ತಯಾರಿಸುವುದನ್ನು ಬಿಟ್ಟು ಹಳದಿಯಾಗಿ ಉದುರುತ್ತವೆ. ಯಾವ ಗೊಬ್ಬರದಿಂದಲೂ ಸರಿಪಡಿಸಲಾಗದುದು ಗಾಳಿಯ ಕೊರತೆ. ಅಂಗಮಾರಿ, ಎಲೆಚುಕ್ಕೆ ಮೊದಲಾದ ಬೂಷ್ಟಿನ ರೋಗಗಳ ಬೀಜಕಣಗಳು ಎಲ್ಲ ತೋಟಗಳ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರತಕ್ಕವೇ. ಎಲೆ ಒಣಗಿರುವ ತನಕ ಅವು ನಿರುಪದ್ರವಿಗಳು. ಎಲೆಯ ಮೇಲೆ ನೀರು ಗಂಟೆಗಟ್ಟಲೆ ನಿಂತಾಗ ಮಾತ್ರ ಕಣ ಮೊಳೆತು, ಎಲೆಯ ಚರ್ಮವನ್ನು ಕೊರೆದು ಒಳಹೊಗುತ್ತದೆ. ಬಿಡಿಯಾಗಿ ನಿಂತ ಗಿಡದ ಮೇಲೆ ಬಿದ್ದ ಮಳೆಯ ಹನಿ ಬಿಸಿಲು ಬಂದ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಮೆಳೆಯ ಒಳಗೆ ಅದೇ ಹನಿ ಮಧ್ಯಾಹ್ನವಾದರೂ ಆರುವುದಿಲ್ಲ. ಸಂಜೆಯ ಮಳೆ ಮತ್ತೆ ಬರುತ್ತದೆ.

ತಡವಾಗಿ ಬರುವ ಅಂಗಮಾರಿಯ ವಿಷಯದಲ್ಲಂತೂ ಉದಾಸೀನ ಸಲ್ಲದು. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯನ್ನು ಕೊಳೆಯಿಸಿ, ಆ ದೇಶವನ್ನು ಮಹಾಕ್ಷಾಮಕ್ಕೆ ನೂಕಿದ ರೋಗಾಣು ಇದೇ. ಟೊಮ್ಯಾಟೊ ಆಲೂಗಡ್ಡೆಯ ಕುಲಬಾಂಧವನಾದುದರಿಂದ ಇದನ್ನೂ ಅದು ಬಿಡುವುದಿಲ್ಲ. ಬೆಂಗಳೂರಿನ ಸೀಮೆಯಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಬೀಳುವ ಮಳೆ, ಮೋಡ ಮುಚ್ಚಿದ ತಂಪು ಹವೆ ಅದಕ್ಕೆ ಪ್ರಿಯವಾದುದು. ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಕಪ್ಪು ಮಚ್ಚೆ ಕಾಣಿಸಿದ ಕೆಲವೇ ದಿನಗಳಲ್ಲಿ ಗಿಡವೇ ಮುಗಿದುಹೋಗಬಹುದು. ಅಂತಹ ಗಿಡವನ್ನು ಕನಿಕರಪಡದೆ ಬೇರುಸಹಿತ ಕಿತ್ತು, ಚೀಲದಲ್ಲಿ ಕಟ್ಟಿ ಹೊರಹಾಕಬೇಕು; ಗೊಬ್ಬರದ ಗುಂಡಿಗೆ ಎಸೆಯಬಾರದು. ೯ ಗಿಡಗಳಲ್ಲಿ ಒಂದು ಹೋದರೆ ೮ ಉಳಿದಾವು. ಒಂದನ್ನೊಂದು ತಬ್ಬಿಕೊಂಡು ನಿಂತ ೨೫ರಲ್ಲಿ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂದಂತೆ.

ತತ್ತ್ವ ಇಷ್ಟು ಸ್ಪಷ್ಟವಾಗಿದ್ದರೂ ಆಚರಣೆ ಕಷ್ಟವಾಗುವುದು ಬುದ್ಧಿಯ ದೋಷದಿಂದಲ್ಲ, ಹೃದಯದ ಮೃದುತ್ವದಿಂದ. ಸಸಿ ಮಾರುವವನು ಕೊಡುವುದು ಕಟ್ಟಿನ ಲೆಕ್ಕದಲ್ಲಿ. ಕಟ್ಟಿನಲ್ಲಿ ಇಪ್ಪತ್ತೈದು ಇರುತ್ತವೆ. ಒಂಬತ್ತನ್ನು ನೆಟ್ಟಾದ ಮೇಲೆ ಉಳಿದ ಹದಿನಾರನ್ನು ಹಿಡಿದು ನಿಂತ ಸೊಸೆ, “ಅತ್ತೆ, ಇವನ್ನು ಏನು ಮಾಡಲಿ? ಎಸೆದುಬಿಡಲೇ?” ಎಂದು ಕೇಳಿದರೆ, ಅತ್ತೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಅಯ್ಯೋ, ಬೇಡ ಕಣಮ್ಮ, ಜೀವ ಇರೋ ಗಿಡ. ಅಲ್ಲೇ ಸಂದಿಯಲ್ಲಿ ಚುಚ್ಚಿಬಿಡು, ಬಂದಷ್ಟು ಬರಲಿ.” ಆ ಸಂದಿಯೇ ಮಡಿಯ ಉಸಿರು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಸಸಿಯನ್ನು ಎಸೆಯಲು ಮನಸ್ಸು ಬಾರದವರು ನೆರೆಮನೆಗೆ ಹಂಚಲಿ. ಇಲ್ಲವೇ ತೂತು ಹಾಕಿದ ಹಳೆಯ ಬಕೆಟ್ಟಿಗೊಂದರಂತೆ ನೆಟ್ಟು ಮಹಡಿಯ ಮೇಲಿಡಲಿ. ಒಂದೆರಡನ್ನು ಮಾತ್ರ, ಮಡಿಯಲ್ಲಿ ಸತ್ತ ಸಸಿಯ ಬದಲಿಗೆ ಬೇಕಾದೀತೆಂದು, ಹದಿನೈದು ದಿನ ಕುಂಡದಲ್ಲಿ ಕಾಪಾಡಿಕೊಂಡರೆ ಸಾಕು.

ನೆಡುವ ಮಡಿ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ ಇರಬೇಕು. ಹಿಂದಿನ ಬೆಳೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳಲ್ಲಿ ಯಾವುದಾದರೂ ಆಗಿದ್ದರೆ ಬೇರೆ ಮಡಿಯನ್ನು ಹುಡುಕುವುದು ಒಳ್ಳೆಯದು. ಒಂದೇ ಕುಲದವರಿಗೆ ಬರುವ ರೋಗಗಳೂ ಒಂದೇ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸಿ, ಗುಣಿಗೊಂದು ಹಿಡಿ ಬೇವಿನ ಹಿಂಡಿ ಹಾಕಬಹುದು. ೨೫ರಿಂದ ೩೦ ದಿನಗಳ ಸಸಿ ನಾಟಿಗೆ ತಕ್ಕುದು. ಸಂಜೆ ಬಿಸಿಲು ಇಳಿದ ಮೇಲೆ, ಕೆಳಗಿನ ಎರಡು ಎಲೆಗಳನ್ನು ತೆಗೆದು, ಕಾಂಡದ ಅರ್ಧದಷ್ಟನ್ನು ಮಣ್ಣಿನೊಳಕ್ಕೆ ಇಳಿಸಿ ನೆಡಬೇಕು. ಬದನೆಯನ್ನೋ ಮೆಣಸಿನ ಗಿಡವನ್ನೋ ಹೀಗೆ ಹೂಳುವ ಪದ್ಧತಿಯಿಲ್ಲ; ಟೊಮ್ಯಾಟೊಗೆ ಮಾತ್ರ ಅದು ಲಾಭಕರ, ಹೂತ ಕಾಂಡದುದ್ದಕ್ಕೂ ಹೊಸ ಬೇರು ಹೊರಡುತ್ತದೆ. ಗೂಟವನ್ನೂ ಅಂದೇ ನೆಟ್ಟುಬಿಡತಕ್ಕದ್ದು. ತಿಂಗಳ ಮೇಲೆ ಗೂಟ ಬಡಿಯಲು ಹೋದರೆ ಅದು ಬೇರನ್ನು ಸೀಳಿಕೊಂಡೇ ಇಳಿಯುತ್ತದೆ. ಕೋಲಾರದ ರೈತರು ನೀಲಗಿರಿಯ ಗಳಗಳನ್ನು ನೆಟ್ಟು ತಂತಿಯೆಳೆದು ದಾರದಲ್ಲಿ ಗಿಡವನ್ನು ಎತ್ತಿಕಟ್ಟುವುದನ್ನು ಆ ಕಡೆ ಪ್ರಯಾಣ ಮಾಡಿದವರು ನೋಡಿರಬಹುದು. ಮನೆಯ ಮಡಿಗೆ ೬ ಅಡಿಯ ಬಿದಿರಿನ ಗಳ ಧಾರಾಳವಾಯಿತು. ಕಟ್ಟಲು ಹಳೆಯ ಹತ್ತಿಸೀರೆಯ ಅಂಚಿಗೆ ಸಮನಾದುದಿಲ್ಲ. ಗೂಟಕ್ಕೆ ಬಿಗಿಯಾಗಿ, ಗಿಡಕ್ಕೆ ಬೆರಳು ಹೋಗುವಷ್ಟು ಸಡಿಲವಾಗಿ, ನಡುವೆ ಒಮ್ಮೆ ಹೆಣೆದು ಕಟ್ಟಿದರೆ ಕಾಂಡ ದಪ್ಪವಾದಾಗಲೂ ಕೊರೆಯುವುದಿಲ್ಲ.

ಮಣ್ಣಿನ ಮೇಲೆ ಒಣಹುಲ್ಲನ್ನೋ ತರಗೆಲೆಯನ್ನೋ ಎರಡಂಗುಲ ದಪ್ಪ ಹೊದಿಸುವುದನ್ನು ಮರೆಯಬಾರದು. ಮಳೆಯ ಹನಿ ಮಣ್ಣಿಗೆ ಬಡಿದು, ಮಣ್ಣಿನ ಜೊತೆಗೆ ಬೂಷ್ಟಿನ ಕಣಗಳನ್ನೂ ಬುಡದ ಎಲೆಗೆ ಸಿಡಿಸುವುದು ಅದರಿಂದ ತಪ್ಪುತ್ತದೆ.

ನಾಟಿಯಾಗಿ ಮೂರು ನಾಲ್ಕು ವಾರಗಳಿಗೆ ಸವರುವ ಕೆಲಸ ಆರಂಭವಾಗುತ್ತದೆ. ಸವರುವುದೆಂದರೆ ಕತ್ತರಿ ಹಿಡಿದು ಕಂಡುದನ್ನೆಲ್ಲ ಕತ್ತರಿಸುವುದಲ್ಲ. ಎಲೆಯ ತೊಟ್ಟು ಕಾಂಡವನ್ನು ಸೇರುವ ಕಂಕುಳಲ್ಲಿ ಪುಟ್ಟ ಚಿಗುರೊಂದು ಹೊರಡುತ್ತದೆ. ಅದೇ ಕಂಕುಳ ಚಿಗುರು. ಬಿಟ್ಟರೆ ಅದು ತಾಯಿಕಾಂಡದ ಪಡಿಯಚ್ಚಿನಂತೆ ಬೆಳೆದು, ಅದರ ಎಲೆಗಳ ಕಂಕುಳಲ್ಲಿ ಮತ್ತೆ ಚಿಗುರು ಹೊರಟು, ಒಂದು ಗಿಡ ಹತ್ತಾಗುತ್ತದೆ. ಹೊಸಬರು ಹೂಗೊಂಚಲನ್ನೇ ಚಿಗುರೆಂದು ಭ್ರಮಿಸಿ ಕೀಳುವುದುಂಟು. ಹೂಗೊಂಚಲು ಎಂದೂ ಕಂಕುಳಲ್ಲಿ ಹುಟ್ಟುವುದಿಲ್ಲ. ಎರಡು ಎಲೆಗಳ ನಡುವಿನ ಬರಿಯ ಕಾಂಡದಿಂದ ನೇರವಾಗಿ ಹೊರಡುತ್ತದೆ. ಈ ಒಂದು ಗುರುತನ್ನು ಇಟ್ಟುಕೊಂಡರೆ ಮೋಸವಿಲ್ಲ. ಇನ್ನೊಂದು ಅಪಾಯ ಗಿಡದ ನೆತ್ತಿಯದು. ತುದಿಯ ಹತ್ತಿರ ನೆತ್ತಿಯೂ ಕಂಕುಳ ಚಿಗುರೂ ಹೆಚ್ಚುಕಡಮೆ ಒಂದೇ ಗಾತ್ರದಲ್ಲಿರುತ್ತವೆ. ಅಲ್ಲಿ ಆತುರಪಡದೆ, ಚಿಗುರು ಎರಡಂಗುಲ ಬೆಳೆದು ಭೇದ ತಿಳಿಯುವವರೆಗೆ ಕಾಯುವುದೇ ಲೇಸು.

ಎಲ್ಲ ಚಿಗುರುಗಳನ್ನೂ ತೆಗೆದು ಒಂದೇ ಕಾಂಡವನ್ನು ಉಳಿಸುವ ಪದ್ಧತಿ ಹಸಿರುಮನೆಯ ಬೇಸಾಯಗಾರರದು. ನಮ್ಮ ಬಿಸಿಲಿನ ನಾಡಿನಲ್ಲಿ, ತೆರೆದ ಮಡಿಯಲ್ಲಿ, ಎರಡು ಕಾಂಡಗಳ ಗಿಡವೇ ಹಿತವಾದುದು. ಮೊದಲ ಹೂಗೊಂಚಲಿನ ಕೆಳಗಿರುವ ಎಲೆಯ ಕಂಕುಳಿನಿಂದ ಬರುವ ಚಿಗುರು ಉಳಿದೆಲ್ಲಕ್ಕಿಂತ ಬಲಶಾಲಿ. ಅದೊಂದನ್ನು ಉಳಿಸಿಕೊಂಡು, ಅದಕ್ಕಿಂತ ಕೆಳಗಿನವನ್ನೂ ಮೇಲಿನವನ್ನೂ ವಾರಕ್ಕೊಮ್ಮೆ ಚಿವುಟುತ್ತ ಹೋದರೆ ಆಯಿತು. ಒಂಬತ್ತು ಗಿಡಗಳಿಗೆ ವಾರಕ್ಕೆ ಕಾಲು ಗಂಟೆಯ ಕೆಲಸ. ಬೆಳಗಿನ ಹೊತ್ತು, ಎಲೆಯ ಮೇಲಿನ ಇಬ್ಬನಿ ಆರಿದ ಬಳಿಕ, ಚಿಗುರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಪುಟ್ಟನೆ ಮುರಿದು ಬರುತ್ತದೆ. ಗಾಯ ಸಂಜೆಯೊಳಗೆ ಒಣಗುತ್ತದೆ. ಮಳೆಯಲ್ಲಿ, ಒದ್ದೆ ಗಿಡದ ಮೇಲೆ ಈ ಕೆಲಸವನ್ನು ಮಾಡುವವರು ರೋಗವನ್ನು ಗಿಡದಿಂದ ಗಿಡಕ್ಕೆ ಕೈಯಾರೆ ಹೊತ್ತೊಯ್ಯುತ್ತಾರೆ.

ಕೈಯ ವಿಷಯ ಬಂದುದರಿಂದ ಒಂದು ಎಚ್ಚರಿಕೆ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸವುಳ್ಳ ಯಜಮಾನರು ಸಾಬೂನಿನಿಂದ ಚೆನ್ನಾಗಿ ಕೈತೊಳೆಯದೆ ಟೊಮ್ಯಾಟೊ ಗಿಡವನ್ನು ಮುಟ್ಟಬಾರದು. ಹೊಗೆಸೊಪ್ಪೂ ಇದೇ ಕುಲದ ಗಿಡ. ಅದರ ಎಲೆಗಳಲ್ಲಿ ತಿಳಿಹಸಿರು ಕಡುಹಸಿರಿನ ತೇಪೆಗಳನ್ನುಂಟುಮಾಡುವ ನಂಜಾಣು, ಒಣಗಿಸಿ ಬೀಡಿ ಕಟ್ಟಿದ ಮೇಲೂ ಸಾಯದೆ ಉಳಿದಿರಬಲ್ಲುದು; ಬೆರಳಿನಿಂದ ಚಿಗುರಿನ ಹಸಿಗಾಯಕ್ಕೆ ದಾಟಬಲ್ಲುದು. ಎಲೆ ಮುದುಡು ರೋಗದ ನಂಜಾಣು ಬೇರೆ. ಅದನ್ನು ತರುವುದು ಕೈಯಲ್ಲ, ಬಿಳಿನೊಣ. ಅನುಮಾನಾಸ್ಪದವಾದ ಗಿಡವನ್ನು ಸರದಿಯಲ್ಲಿ ಕೊನೆಗೆ ಮುಟ್ಟುವ ರೂಢಿಯನ್ನಿಟ್ಟುಕೊಂಡರೆ ಎಲ್ಲಕ್ಕೂ ಕ್ಷೇಮ.

ಊರಿಗೆ ಹೋಗಿಬಂದು ನೋಡುವಷ್ಟರಲ್ಲಿ ಚಿಗುರು ಒಂದು ಗೇಣು ದಾಟಿ ಪೆನ್ಸಿಲಿನ ದಪ್ಪವಾಗಿರುವುದು ಅಪರೂಪವಲ್ಲ. ಅದನ್ನು ಬುಡಕ್ಕೆ ಕಿತ್ತರೆ ಕಾಂಡದ ಸಿಪ್ಪೆಯೂ ಹರಿದುಬರುತ್ತದೆ. ಅಂತಹುದನ್ನು ಬುಡದಲ್ಲಿ ಒಂದೆರಡು ಎಲೆಗಳನ್ನು ಉಳಿಸಿ ತುದಿಯನ್ನು ಮಾತ್ರ ಕತ್ತರಿಸಬೇಕು. ಉಳಿದ ಎಲೆಗಳು ಕಾಯಿಗೆ ನೆರಳಾಗುತ್ತವೆ. ಕತ್ತರಿಸಿದ ತುದಿಯೂ ವ್ಯರ್ಥವಲ್ಲ. ರೋಗವಿಲ್ಲದ ಗಿಡದ್ದಾದರೆ, ಆರಂಗುಲದ ತುಂಡನ್ನು ಕೆಳಗಿನ ಎಲೆಗಳನ್ನು ತೆಗೆದು ಲೋಟದ ನೀರಿನಲ್ಲಿ ನೆರಳಿಗಿಟ್ಟರೆ ಒಂದೆರಡು ವಾರಗಳಲ್ಲಿ ಬಿಳಿಯ ಬೇರುಗಳು ಇಳಿಯುತ್ತವೆ. ಬೀಜದಿಂದ ಬಂದ ಸಸಿಗಿಂತ ಇದು ಬೇಗನೆ ಹೂಬಿಡುತ್ತದೆ. ಮೊದಲ ಮಡಿ ಮುಗಿಯುವ ಹೊತ್ತಿಗೆ ಎರಡನೆಯ ಮಡಿಗೆ ಬೇಕಾದ ಸಸಿಗಳನ್ನು, ಕಾಸು ಖರ್ಚಿಲ್ಲದೆ, ಗಿಡವೇ ಒದಗಿಸಿಕೊಟ್ಟಂತಾಯಿತು. ಹದಿನಾರು ಸಸಿಗಳನ್ನು ಬಿಟ್ಟುಕೊಟ್ಟ ಅತ್ತೆಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಬೇಡ.

ಸವರಿದ ಗಿಡ ಹೆಚ್ಚು ಕಾಯಿ ಕೊಡುತ್ತದೆಂದು ಹೇಳುವವರು ಪೂರ್ತಿ ಸತ್ಯವನ್ನು ಹೇಳುತ್ತಿಲ್ಲ. ಒಂದೊಂದು ಗಿಡದ ಲೆಕ್ಕಕ್ಕೆ ಕಾಯಿಗಳ ಸಂಖ್ಯೆ ಕಡಮೆಯೇ ಆಗುತ್ತದೆ. ಆದರೆ ಅವು ಗಾತ್ರದಲ್ಲಿ ದೊಡ್ಡವು, ಬೇಗ ಮಾಗತಕ್ಕವು, ಮಣ್ಣು ಮುಟ್ಟದೆ ಶುಚಿಯಾಗಿರುವಂಥವು. ಅಲ್ಲದೆ ಒಂದು ಹಬ್ಬುಗಿಡದ ಜಾಗದಲ್ಲಿ ಎರಡು ಮೂರು ಗಿಡಗಳು ನಿಲ್ಲುವುದರಿಂದ ಮಡಿಯ ಲೆಕ್ಕಕ್ಕೆ ನಷ್ಟವಿಲ್ಲ. ಜಾಗ ಎಕರೆಗಟ್ಟಲೆ ಇರುವವನಿಗೆ ಈ ಶ್ರಮ ಬೇಕೇ ಎಂಬುದು ಬೇರೆ ಪ್ರಶ್ನೆ. ಮಡಿಯೊಂದೇ ಇರುವವನಿಗೆ ಬೇಕು.

ಎಲೆಯನ್ನು ಕೀಳುವ ವಿಷಯದಲ್ಲಿ ಅತಿಯುತ್ಸಾಹ ಹಾನಿಕರ. ಗಿಡ ಮೂರಡಿ ಎತ್ತರವಾದ ಮೇಲೆ ಬುಡದ ಒಂದು ಅಡಿಯವರೆಗಿನ ಎಲೆಗಳನ್ನು, ಒಂದು ಸಲಕ್ಕೆ ಎರಡು ಮೂರರಂತೆ, ತೆಗೆಯಬಹುದು. ಹಳದಿಯಾದುದನ್ನೂ ಚುಕ್ಕೆ ಬಿದ್ದುದನ್ನೂ ಯಾವಾಗ ಬೇಕಾದರೂ ತೆಗೆಯಬಹುದು. ೨೦೧೪ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದ ಟೂಟಾ ಎಂಬ ಕೀಟದ ಮರಿ ಎಲೆಯೊಳಗೆ ಸುರಂಗ ಕೊರೆದು ಕಂದು ತೇಪೆ ಬಿಡುತ್ತದೆ. ಅಂತಹ ಎಲೆಯನ್ನು ಕಂಡೊಡನೆ ಕಿತ್ತು ನಾಶಮಾಡತಕ್ಕದ್ದು. ಆದರೆ ‘ಹಣ್ಣಿಗೆ ಬಿಸಿಲು ತಾಕಲಿ, ಬೇಗ ಕೆಂಪಾಗಲಿ’ ಎಂದು ಗೊಂಚಲಿನ ಸುತ್ತಲಿನ ಆರೋಗ್ಯವಾದ ಎಲೆಗಳನ್ನು ಬೋಳಿಸುವುದು ಶುದ್ಧ ಅವಿವೇಕ. ಹಣ್ಣು ಕೆಂಪಾಗಲು ಬೇಕಾದುದು ಹದವಾದ ಶಾಖವೇ ಹೊರತು ನೇರ ಬಿಸಿಲಲ್ಲ. ಶಾಖ ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಕೆಂಪು ಬಣ್ಣ ಸರಿಯಾಗಿ ಕೂಡುವುದೇ ಇಲ್ಲ, ಹಣ್ಣು ಕಿತ್ತಳೆಯ ಹಳದಿಯಲ್ಲಿ ನಿಲ್ಲುತ್ತದೆ. ಬೆತ್ತಲೆಯಾದ ಕಾಯಿಯ ಭುಜದ ಮೇಲೆ ಬಿಸಿಲಿನ ಹೊಡೆತದಿಂದ ಬಿಳಿಯ ಬೊಬ್ಬೆಯಂತಹ ಕಲೆಯೆದ್ದು, ಅಲ್ಲಿಂದಲೇ ಕೊಳೆತ ಆರಂಭವಾಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಸೀಮೆಯವರು ಬೇಸಿಗೆಯಲ್ಲಿ ಸವರುವ ಕೆಲಸವನ್ನೇ ಅರ್ಧಕ್ಕೆ ಇಳಿಸಿ, ಮೂರು ನಾಲ್ಕು ಕಾಂಡಗಳನ್ನು ಬಿಡುವುದು ಯುಕ್ತ. ಅಲ್ಲಿನ ಏಪ್ರಿಲ್-ಮೇ ತಿಂಗಳುಗಳ ಸೆಕೆಯಲ್ಲಿ ಹೂ ಉದುರಿದರೆ ಅದಕ್ಕೆ ಗೊಬ್ಬರವನ್ನು ದೂರಿ ಫಲವಿಲ್ಲ. ಅಂತಹ ಉರಿಯಲ್ಲಿ ಹೂವು ಕಾಯಿಕಚ್ಚುವುದು ದುಸ್ತರ. ನಾಟಿಯ ಕಾಲವನ್ನೇ ಮಳೆಗಾಲದ ಕೊನೆಗೆ ತಳ್ಳಬೇಕು.

ಕಾಯಿಯ ತಳಭಾಗದಲ್ಲಿ ಕಪ್ಪಗೆ, ಒಣಗಿದ ಚರ್ಮದಂತೆ ಕಲೆ ಬಿದ್ದರೆ ಅದು ಹುಳುವಿನ ಕಾಟವೂ ಅಲ್ಲ, ಬೂಷ್ಟೂ ಅಲ್ಲ. ಬೆಳೆಯುವ ಕಾಯಿಗೆ ಸುಣ್ಣದ ಅಂಶ ಸಕಾಲಕ್ಕೆ ತಲಪಲಿಲ್ಲವೆಂದು ಅರ್ಥ. ಸುಣ್ಣ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಹೊತ್ತೊಯ್ಯುವ ನೀರು ಒಂದು ದಿನ ಪ್ರವಾಹ, ನಾಲ್ಕು ದಿನ ಬರಗಾಲ ಎಂಬಂತಾದಾಗ ಈ ತೊಂದರೆ. ಬುಡ ಕಂಡು, ಎಲೆ ನೆನೆಯದಂತೆ, ಬೆಳಗಿನ ಹೊತ್ತು ಒಂದೇ ಹದದಲ್ಲಿ ನೀರು ಕೊಡುತ್ತ ಬಂದರೆ ಮುಂದಿನ ಗೊಂಚಲುಗಳು ಶುದ್ಧವಾಗಿ ಬರುತ್ತವೆ.

ಎತ್ತರದ ಗಿಡ ಗೂಟದ ತುದಿಯನ್ನು ಮುಟ್ಟಿದಾಗ, ಇಲ್ಲವೇ ಮಡಿಯನ್ನು ಬೇರೆ ಬೆಳೆಗೆ ತೆರವು ಮಾಡುವುದಕ್ಕೆ ಇನ್ನೂ ಒಂದೂವರೆ ತಿಂಗಳಿದೆ ಎನ್ನುವಾಗ, ಕೊನೆಯ ಸವರುವಿಕೆ. ಕಟ್ಟಕಡೆಯ ಹೂಗೊಂಚಲಿನ ಮೇಲೆ ಎರಡು ಎಲೆಗಳನ್ನು ಬಿಟ್ಟು ನೆತ್ತಿಯನ್ನು ಚಿವುಟಬೇಕು. ಆಮೇಲೆ ಬರುವ ಹೂವು ಹೇಗೂ ಹಣ್ಣಾಗುವ ಕಾಲವಿಲ್ಲದುದರಿಂದ ಗಿಡದ ಸಾರವೆಲ್ಲ ಇರುವ ಕಾಯಿಗಳ ಕಡೆಗೆ ಹರಿಯಲಿ ಎಂಬುದು ಉದ್ದೇಶ. ಇದಾದ ಮೇಲೂ ಕಂಕುಳ ಚಿಗುರುಗಳು ಹಟ ಹಿಡಿದಂತೆ ಹೊರಡುತ್ತವೆ. ವಾರದ ಕೈಕೆಲಸ ನಿಲ್ಲುವುದಿಲ್ಲ.

ಕಾಯಿಯ ತಳದಲ್ಲಿ ಮೊದಲ ನಸುಗೆಂಪು ಮೂಡಿದಾಗಲೇ ಕಿತ್ತು, ತೊಟ್ಟು ಕೆಳಗಾಗಿ ಬುಟ್ಟಿಯಲ್ಲಿ ಹರಡಿಟ್ಟರೆ ಮನೆಯೊಳಗೆಯೇ ಚೆನ್ನಾಗಿ ಹಣ್ಣಾಗುತ್ತದೆ. ಹಕ್ಕಿಗೂ ಕಾಯಿಕೊರಕ ಹುಳುವಿಗೂ ಪಾಲು ಕೊಟ್ಟಂತಾಗುವುದಿಲ್ಲ. ಗಿಡವನ್ನು ಕೀಳುವ ದಿನ ಉಳಿದ ಹಸಿರುಕಾಯಿಗಳಲ್ಲಿ ಬಲಿತವನ್ನು ಒಂದು ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಟ್ಟರೆ ವಾರದಲ್ಲಿ ಬಣ್ಣ ತಿರುಗುತ್ತದೆ. ಎಳೆಯವು ಹಸಿಮೆಣಸಿನಕಾಯಿ ಸೇರಿಸಿದ ಚಟ್ನಿಗೆ ಸೊಗಸು. ತೆರವಾದ ಮಡಿಗೆ ಹುರುಳಿಕಾಯಿಯನ್ನೋ ಮೆಂತ್ಯದ ಸೊಪ್ಪನ್ನೋ ಹಾಕಬಹುದು. ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳನ್ನು ಇನ್ನೆರಡು ವರ್ಷ ಆ ನೆಲಕ್ಕೆ ತರದಿರುವುದು ಒಳ್ಳೆಯದು. ಗೂಟಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ ಎತ್ತಿಟ್ಟರೆ ಮುಂದಿನ ಬೆಳೆಗೂ ಬರುತ್ತವೆ. ಸೀರೆಯ ಅಂಚುಗಳನ್ನು ಮಾತ್ರ ಸುಟ್ಟುಬಿಡಬೇಕು.